ಮೈತುಂಬ ಚುಕ್ಕೆಗಳಿರುವ ಮಗುವಿನಲ್ಲಿ ಅಪಾಯದ ಚುಕ್ಕೆ ಯಾವುದು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಆರು ವರ್ಷ. ಒಂದೂವರೆ ವರ್ಷದವಳಿದ್ದಾಗಲೇ ಮುಖದ ತುಂಬ ಕಂದು ಚುಕ್ಕೆಗಳು ಬಂದವು. ಬಿಸಿಲಿಗೆ ಚರ್ಮ ಸುಡುತ್ತಿರಲಿಲ್ಲ, ಹಾಗಾಗಿ ನಾವು ತಲೆಕೆಡಿಸಿಕೊಳ್ಳಲಿಲ್ಲ. ಕಳೆದ ವರ್ಷ ಜೀನ್ ಪರೀಕ್ಷೆಯಲ್ಲಿ ಝೀರೋಡರ್ಮಾ ಪಿಗ್ಮೆಂಟೋಸಂ (ಎಕ್ಸ್‌ಪಿ), ಸಿ ಗುಂಪು ಎಂದು ಗೊತ್ತಾಯಿತು. ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರಬಹುದು, ಕಣ್ಣಿಟ್ಟಿರಿ ಎಂದರು. ಎಲ್ಲಿ ಅಂತ ಕಣ್ಣಿಡಲಿ? ಮೈಮೇಲೆ ನೂರಾರು ಚುಕ್ಕೆಗಳಿವೆ. ಮೂಗಿನ ಪಕ್ಕದ ಒಂದು ಚುಕ್ಕೆ ಎರಡು ತಿಂಗಳಲ್ಲಿ ಎರಡು ಸಲ ಹಕ್ಕಳೆಗಟ್ಟಿ, ಉದುರಿ, ಮತ್ತೆ ಬಂದಿದೆ. ಪ್ರತಿಯೊಂದಕ್ಕೂ ಬಯಾಪ್ಸಿ ಮಾಡಿಸಬೇಕಾ? ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅಂತಾರೆ, ನಿಜವಾ? ಮಚ್ಚೆ ನೋಡಿ ಹೇಳುವ ಮೊಬೈಲ್ ಆ್ಯಪ್‌ಗಳನ್ನು ನಂಬಬಹುದಾ? ಒಂದು ವರ್ಷದ ಮಗ ಇದ್ದಾನೆ. ಅವನಿಗೂ ಇದು ಇರಬಹುದಾ?

ಉತ್ತರ: ಮೊದಲು ಮೂಗಿನ ಪಕ್ಕದ ಆ ಚುಕ್ಕೆ. ಉಳಿದದ್ದನ್ನು ಆಮೇಲೆ ಓದಿ. ಈ ವಾರವೇ ನಿಮ್ಮ ಚರ್ಮದ ಡಾಕ್ಟರಿಗೆ ಫೋನ್ ಮಾಡಿ. 'ಎಕ್ಸ್‌ಪಿ ಇರುವ ಮಗು, ಮುಖದ ಮೇಲೆ ವಾಸಿಯಾಗದ ಚುಕ್ಕೆ ಇದೆ' ಎಂದು ಇದೇ ಮಾತಲ್ಲಿ ಹೇಳಿ. ಮುಂದಿನ ತಪಾಸಣೆ ಹೇಗೂ ಬರುತ್ತಲ್ಲ ಎಂದು ಕಾಯಬೇಡಿ. ಅದು ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಮಗು ಕೆರೆದುಕೊಂಡ ಗಾಯವೂ ಇರಬಹುದು. ಆದರೆ ಹಕ್ಕಳೆಗಟ್ಟುವುದು, ಉದುರುವುದು, ವಾಸಿಯಾಯಿತು ಅನ್ನಿಸುವುದು, ಮತ್ತೆ ಅದೇ ಜಾಗದಲ್ಲಿ ಏಳುವುದು, ಇವೆಲ್ಲ ಬೇಸಲ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರಿನ ಹಳೇ ಚಾಳಿ. ಅದು ವಾಸಿಯಾದ ಹಾಗೆ ನಾಟಕ ಮಾಡುತ್ತದೆ. ಜನ ಮೋಸಹೋಗುವುದೇ ಅಲ್ಲಿ.

ಆರು ವರ್ಷದ ಮಗುವಿಗೆ ಚರ್ಮದ ಕ್ಯಾನ್ಸರಾ ಎಂದು ನಿಮಗೆ ಅನ್ನಿಸಬಹುದು. ಇಂಥ ಮಕ್ಕಳನ್ನು ನೋಡಿ ಅಭ್ಯಾಸವಿಲ್ಲದ ಡಾಕ್ಟರಿಗೂ ಹಾಗೇ ಅನ್ನಿಸಬಹುದು, ಅದಕ್ಕೇ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ ಎಂದದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 1971ರಿಂದ 2009ರವರೆಗೆ 106 ಎಕ್ಸ್‌ಪಿ ರೋಗಿಗಳನ್ನು ನೋಡಿಕೊಂಡು ಬಂದು, 2011ರಲ್ಲಿ ಲೆಕ್ಕ ಪ್ರಕಟಿಸಿದರು. ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್) ಅಲ್ಲದ ಚರ್ಮದ ಕ್ಯಾನ್ಸರ್ ಇವರಲ್ಲಿ ಮೊದಲ ಸಲ ಕಾಣಿಸಿಕೊಂಡ ಮಧ್ಯಾಂಕ ವಯಸ್ಸು 9, ಅಂದರೆ ಅದು ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಒಂಬತ್ತರೊಳಗೇ ಬಂದಿತ್ತು. ಮೆಲನೋಮ ಬಂದವರಲ್ಲಿ ಅದು 22. ಇಪ್ಪತ್ತು ವರ್ಷದೊಳಗಿನವರನ್ನೇ ತೆಗೆದುಕೊಂಡರೆ ಮೊದಲನೆಯದರ ಅಪಾಯ ಬೇರೆಯವರಿಗಿಂತ 10,000 ಪಟ್ಟು, ಮೆಲನೋಮದ್ದು 2,000 ಪಟ್ಟು ಜಾಸ್ತಿ. ಹೆದರಿಸಲು ಈ ಅಂಕಿ ಕೊಡುತ್ತಿಲ್ಲ. 'ಇಷ್ಟು ಚಿಕ್ಕ ಮಗುವಿಗೆ ಬಯಾಪ್ಸಿ ಬೇಡ, ನೋಡೋಣ' ಎಂದು ಯಾರಾದರೂ ಅಂದರೆ, ಈ 9 ನಿಮ್ಮ ನಾಲಿಗೆಯ ಮೇಲಿರಲಿ.

ಹೀಗೇಕಾಗುತ್ತದೆ ಎಂದು ಗೊತ್ತಿದ್ದರೆ ಏನನ್ನು ಹುಡುಕಬೇಕು ಎನ್ನುವುದೂ ತಿಳಿಯುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಜೀವಕೋಶದೊಳಗಿನ ಡಿಎನ್‌ಎಯಲ್ಲಿ ಪಕ್ಕಪಕ್ಕದ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ನಮ್ಮೆಲ್ಲರಿಗೂ ದಿನಾ ಆಗುವುದೇ ಇದು. ಆದರೆ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸ ತೇಪೆ ಹಾಕುವ ಪ್ರೋಟೀನ್‌ಗಳು ನಮ್ಮಲ್ಲಿವೆ. ಈ ಕಾಯಿಲೆಯಲ್ಲಿ ಆ ದುರಸ್ತಿ ಕೆಲಸದ ಒಂದು ಕೊಂಡಿ ಕಳಚಿರುತ್ತದೆ. ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ ಈ ಕಾಯಿಲೆಯನ್ನು 1870ರ ದಶಕದಲ್ಲೇ ವಿವರಿಸಿದ್ದರು. ಕಾರಣ ದುರಸ್ತಿಯ ಕೊರತೆ ಎಂದು ಸಂಶೋಧಕ ಜೇಮ್ಸ್ ಕ್ಲೀವರ್ ತೋರಿಸಿದ್ದು 1968ರಲ್ಲಿ. ಯಾವ ಜೀನ್ ಕೆಟ್ಟಿದೆ ಎನ್ನುವುದರ ಮೇಲೆ ಎ ಇಂದ ಜಿ ವರೆಗೆ ಏಳು ಗುಂಪು, ಜೊತೆಗೆ ವೇರಿಯಂಟ್ ಎಂಬ ಎಂಟನೆಯದು.

ನಿಮ್ಮ ಮಗಳ ಸಿ ಗುಂಪಿನ ಬಗ್ಗೆ ಒಂದು ಮಾತು. ಎಕ್ಸ್‌ಪಿ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹತ್ತು ನಿಮಿಷದ ಬಿಸಿಲಿಗೇ ಗುಳ್ಳೆ ಏಳುತ್ತದೆ. ಅಪ್ಪ ಅಮ್ಮ ಹೆದರಿ ಮೊದಲ ವರ್ಷದಲ್ಲೇ ಡಾಕ್ಟರ ಹತ್ತಿರ ಓಡುತ್ತಾರೆ, ಮಗುವನ್ನು ಬಿಸಿಲಿಂದ ಬಚ್ಚಿಡುತ್ತಾರೆ. ಸಿ, ಇ ಮತ್ತು ವೇರಿಯಂಟ್ ಗುಂಪಿನವರಿಗೆ ಹಾಗೆ ಸುಡುವುದಿಲ್ಲ. ಬರೀ ಚುಕ್ಕೆ ಬರುತ್ತದೆ. ಚುಕ್ಕೆ ತಾನೇ ಎಂದು ಎಲ್ಲರೂ ಸುಮ್ನಿರುತ್ತಾರೆ, ಮಗು ಬಿಸಿಲಲ್ಲಿ ಆಡುತ್ತದೆ. ಹೀಗಾಗಿ ಸುಡದ ಗುಂಪಿನವರಲ್ಲೇ ಕ್ಯಾನ್ಸರ್ ಬೇಗ ಮತ್ತು ಹೆಚ್ಚಾಗಿ ಕಂಡುಬಂದಿದೆ. ನೀವು ತಲೆಕೆಡಿಸಿಕೊಳ್ಳದೇ ಇದ್ದದ್ದು ನಿಮ್ಮ ತಪ್ಪಲ್ಲ. ಕಾಯಿಲೆಯೇ ಹಾಗೆ ಕಣ್ಣು ಕಟ್ಟುತ್ತದೆ. ಎರಡು ವರ್ಷದೊಳಗಿನ ಮಗುವಿನ ಮುಖದಲ್ಲಿ ದಟ್ಟವಾಗಿ ಚುಕ್ಕೆ ಬಂದರೆ ಡಾಕ್ಟರಿಗೆ ತೋರಿಸಲೇಬೇಕು ಎನ್ನುವುದು ಬೇಕಾದಷ್ಟು ಜನಕ್ಕೆ ಗೊತ್ತಿಲ್ಲ, ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೂರಾರರಲ್ಲಿ ಯಾವುದು?

ಮಚ್ಚೆ ನೋಡಲು ಎಬಿಸಿಡಿಇ ಎಂಬ ಐದಕ್ಷರದ ಸೂತ್ರವನ್ನು ನೀವು ಎಲ್ಲಾದರೂ ಓದಿರುತ್ತೀರಿ. ಎರಡು ಅರ್ಧ ಒಂದೇ ತರ ಇಲ್ಲದಿರುವುದು, ಅಂಚು ಸೊಟ್ಟಪಟ್ಟ ಇರುವುದು, ಬಣ್ಣ ಒಂದೇ ಸಮ ಇಲ್ಲದಿರುವುದು, ಅಗಲ 6 ಮಿಲಿಮೀಟರ್ ದಾಟುವುದು, ಕೊನೆಗೆ ಬದಲಾಗುತ್ತಿರುವುದು. ಬೇರೆಯವರಿಗೆ ಒಳ್ಳೆಯ ಸೂತ್ರ. ನಿಮ್ಮ ಮಗಳ ಮುಖದ ಮೇಲೆ ಇದನ್ನು ಹಿಡಿದು ನೋಡಿ, ಮೊದಲ ಮೂರಕ್ಕೆ ಅರ್ಧಕ್ಕರ್ಧ ಚುಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಎಲ್ಲವೂ ಸೊಟ್ಟ, ಎಲ್ಲವೂ ಬಣ್ಣಬಣ್ಣ. ನಾಲ್ಕನೆಯದು ಇನ್ನೂ ಕೆಟ್ಟದ್ದು, ಏಕೆಂದರೆ 6 ಮಿಲಿಮೀಟರ್ ಆಗುವ ತನಕ ನಾವು ಕಾಯುವುದೇ ಇಲ್ಲ. ಕೈಯಲ್ಲಿ ಉಳಿಯುವುದು ಐದನೆಯದು ಒಂದೇ, ಬದಲಾವಣೆ. ಹಾಗಾಗಿ ಕೆಟ್ಟ ಚುಕ್ಕೆ ಯಾವುದು ಎಂದು ಹುಡುಕುವುದನ್ನು ಬಿಟ್ಟುಬಿಡಿ. ಕಳೆದ ತಿಂಗಳು ಇಲ್ಲದ್ದು ಯಾವುದು, ಕಳೆದ ತಿಂಗಳಿನ ಹಾಗೆ ಇಲ್ಲದ್ದು ಯಾವುದು ಎಂದು ಹುಡುಕಿ. ಇದು ತಾಯಿಯ ಕಣ್ಣಿಗೆ ಡಾಕ್ಟರ ಕಣ್ಣಿಗಿಂತ ಚೆನ್ನಾಗಿ ಆಗುವ ಕೆಲಸ. ಡಾಕ್ಟರು ನೋಡುವುದು ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ.

ಆದರೆ ಬರೀ ನೆನಪನ್ನು ನಂಬಬೇಡಿ. ನೂರು ಚುಕ್ಕೆಗಳ ನಕ್ಷೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಫೋಟೊ ಬೇಕು.

ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, ಫೋನ್ ಸಾಕು. ಶಿಸ್ತು ಬೇಕು. ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿ, ಅನುಮಾನದ್ದನ್ನು ತೆಗೆದುಹಾಕಿದ ಮೇಲೆ ಮೊದಲ ಸೆಟ್ ತೆಗೆಯಿರಿ. ಆಗ ಅದು ನಿಮ್ಮ ಅಳತೆಗೋಲಾಗುತ್ತದೆ. ಮುಖ ಮುಂದಿನಿಂದ, ಎರಡೂ ಪಕ್ಕದಿಂದ, ಒಂದೊಂದು ಕಿವಿಯ ಹಿಂದೆ, ಕತ್ತು, ಎದೆ, ಬೆನ್ನು, ಮುಂಗೈ, ಕಾಲು. ಆಮೇಲೆ ಮುಖವನ್ನು ನಾಲ್ಕೈದು ಭಾಗ ಮಾಡಿ ಹತ್ತಿರದಿಂದ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಕೇಲ್ ಇಟ್ಟು. ಪ್ರತಿ ತಿಂಗಳೂ ಅದೇ ಕೋಣೆ, ಅದೇ ದೀಪ, ಅಷ್ಟೇ ದೂರ. ಎಲ್ಲರೂ ಮಾಡುವ ಒಂದು ತಪ್ಪಿದೆ. ಬೆಳಕು ಚೆನ್ನಾಗಿ ಬರಲಿ ಎಂದು ಮಗುವನ್ನು ಕಿಟಕಿ ಹತ್ತಿರ ನಿಲ್ಲಿಸುತ್ತಾರೆ. ಬೇಡ! ಸಾಮಾನ್ಯ ಗಾಜು ಅತಿನೇರಳೆ ಬಿ ಕಿರಣವನ್ನು ತಡೆಯುತ್ತದೆ, ಎ ಕಿರಣದ ಬಹುಪಾಲನ್ನು ಒಳಗೆ ಬಿಡುತ್ತದೆ. ಸಂಜೆಯ ಹೊತ್ತು ಎಲ್‌ಇಡಿ ದೀಪದ ಕೆಳಗೆ ತೆಗೆಯಿರಿ. ಮನೆಯ ಎಲ್‌ಇಡಿ ಬಲ್ಬಿನಿಂದ ಹೆಚ್ಚುಕಡಿಮೆ ಅತಿನೇರಳೆ ಕಿರಣ ಬರುವುದಿಲ್ಲ.

ನೋಡುವುದರ ಜೊತೆ ಮುಟ್ಟಿ ನೋಡುವುದೂ ಇರಲಿ. ಕ್ಯಾನ್ಸರಿಗೆ ಮುಂಚಿನ ಹಂತವಾದ ಆಕ್ಟಿನಿಕ್ ಕೆರಟೋಸಿಸ್ ಎಂಬ ಕಲೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಮರಳು ಅಂಟಿದ ಹಾಗೆ ತರಿತರಿ. ಸ್ನಾನ ಆದಮೇಲೆ ಒಣಗಿದ ಮುಖದ ಮೇಲೆ ಬೆರಳ ತುದಿ ಮೆಲ್ಲಗೆ ಆಡಿಸಿ. ಮೊದಮೊದಲು ಎಲ್ಲವೂ ಒರಟು ಅನ್ನಿಸುತ್ತದೆ. ಎರಡು ಮೂರು ತಿಂಗಳಿಗೆ ಕೈ ಪಳಗುತ್ತದೆ.

ಮೂರು ಬಗೆಯ ಕ್ಯಾನ್ಸರ್ ಮೂರು ಬಗೆಯಲ್ಲಿ ಕಾಣುತ್ತವೆ. ಬೇಸಲ್ ಸೆಲ್ ಎನ್ನುವುದು ಸಾಮಾನ್ಯವಾಗಿ ಹೊಳೆಯುವ ಸಣ್ಣ ಗುಳ್ಳೆ, ಮುತ್ತಿನ ಹಾಗೆ, ಮೇಲೆ ಎಳೆಎಳೆಯಾದ ರಕ್ತನಾಳ. ಪುಸ್ತಕದ ಚಿತ್ರದಲ್ಲಿ ಅದು ಗುಲಾಬಿ ಬಣ್ಣದ್ದು. ಕಂದು ಚರ್ಮದವರಲ್ಲಿ ಅದು ಎಷ್ಟೋ ಸಲ ಕಪ್ಪಾಗಿ, ಥೇಟ್ ಮಚ್ಚೆಯಂತೆಯೇ ಇರುತ್ತದೆ. ಚಿತ್ರ ನೋಡಿ ಹೋಲಿಸಿದವರು ಇಲ್ಲಿ ತಪ್ಪುತ್ತಾರೆ. ಸ್ಕ್ವೇಮಸ್ ಸೆಲ್ ಎನ್ನುವುದು ಒರಟು, ಗಟ್ಟಿ, ಬುಡ ದಪ್ಪ, ಮುಟ್ಟಿದರೆ ನೋವು, ವಾರಗಳಲ್ಲಿ ಬೆಳೆಯುತ್ತದೆ. ತುಟಿ, ನಾಲಿಗೆಯ ಮೇಲೂ ಬರುತ್ತದೆ. ಮೆಲನೋಮ ಚುಕ್ಕೆಗಳ ಗುಂಪಿನಲ್ಲೇ ಅಡಗಿ ಕೂತಿರುತ್ತದೆ. ಒಂದೇ ಚುಕ್ಕೆ ಉಳಿದವಕ್ಕಿಂತ ಬೇಗ ಕಪ್ಪಾಗುತ್ತಿದ್ದರೆ, ಹರಡುತ್ತಿದ್ದರೆ, ಗುಂಪಿಗೆ ಸೇರದ ಹಾಗೆ ಕಂಡರೆ ತೋರಿಸಿ. ಬಣ್ಣವೇ ಇಲ್ಲದ ಮೆಲನೋಮವೂ ಇದೆ. ನಸುಗೆಂಪು ಗುಳ್ಳೆ ಉಬ್ಬಿ, ಗಟ್ಟಿಯಾಗಿ, ನಾಲ್ಕು ವಾರ ಬೆಳೆಯುತ್ತಲೇ ಇದ್ದರೆ ಮೊಡವೆ ಎಂದು ತಳ್ಳಿಹಾಕಬೇಡಿ.

ನೀವು ಈ ಮೂರನ್ನೂ ಗುರುತು ಹಿಡಿಯಬೇಕಿಲ್ಲ. ಅದು ನಮ್ಮ ತಲೆನೋವು. ಹೊಸದು, ಬದಲಾದದ್ದು, ನಾಲ್ಕು ವಾರದಲ್ಲಿ ವಾಸಿಯಾಗದ್ದು, ಸುಮ್ಸುಮ್ನೆ ರಕ್ತ ಬರುವುದು, ಇಷ್ಟನ್ನು ಹಿಡಿದು ತಂದರೆ ನಿಮ್ಮ ಕೆಲಸ ಆಯಿತು. ಹತ್ತು ಸಲ ತಂದು ಒಂಬತ್ತು ಸಲ ಏನೂ ಇಲ್ಲ ಎಂದರೆ ಮುಜುಗರಪಡಬೇಡಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ತಾಯಿ ಪ್ರತಿ ಸಲ 'ಸಾರಿ ಡಾಕ್ಟ್ರೇ, ಮತ್ತೆ ಬಂದೆ' ಎಂದೇ ಶುರು ಮಾಡುತ್ತಿದ್ದರು. ಹಾಗೆ ಬಂದ ಒಂದು ಸಲ ಅವರು ತೋರಿಸಿದ್ದು ಮಗನ ಕೆಳ ರೆಪ್ಪೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗಂಟು. ನಾನೇ ನೋಡಿದ್ದರೆ ದಾಟಿಹೋಗುತ್ತಿದ್ದೆ. ಕ್ಯಾನ್ಸರೇ ಆಗಿತ್ತು. ಅಷ್ಟು ಚಿಕ್ಕದಿದ್ದುದರಿಂದ ರೆಪ್ಪೆ ಉಳಿಯಿತು.

ರೆಪ್ಪೆ ಎಂದೆನಲ್ಲ, ಎಲ್ಲರೂ ಮರೆಯುವ ಜಾಗಗಳನ್ನು ಹೇಳಿಬಿಡುತ್ತೇನೆ. ರೆಪ್ಪೆಯ ಅಂಚು, ಕಣ್ಣಿನ ಬಿಳಿಭಾಗ, ಕಿವಿಯ ಹಿಂದೆ, ಬೈತಲೆ ಮತ್ತು ನೆತ್ತಿ, ಕೆಳತುಟಿ. ನಾಲಿಗೆಯ ತುದಿಯನ್ನು ಯಾರೂ ನೋಡುವುದಿಲ್ಲ. ಮಾತಾಡುವಾಗ, ನಗುವಾಗ ಅದಕ್ಕೂ ಬೆಳಕು ಬೀಳುತ್ತದೆ. ಎಕ್ಸ್‌ಪಿ ಇರುವವರಲ್ಲಿ ಅಲ್ಲೂ ಕ್ಯಾನ್ಸರ್ ಬರುವುದು ಚೆನ್ನಾಗಿ ಗೊತ್ತಿರುವ ವಿಷಯ. ಹಲ್ಲುಜ್ಜಿಸುವಾಗ 'ನಾಲಿಗೆ ತೋರ್ಸು ಪುಟ್ಟಿ' ಎನ್ನುವುದನ್ನು ದಿನದ ಆಟ ಮಾಡಿಕೊಳ್ಳಿ. ಕಣ್ಣಿನ ಡಾಕ್ಟರನ್ನು ವರ್ಷಕ್ಕೆ ಒಂದೆರಡು ಸಲ ಕಾಣಲೇಬೇಕು. ಬೆಳಕು ನೋಡಲಾಗದೆ ಕಣ್ಣು ಮುಚ್ಚಿಕೊಳ್ಳುವುದು, ಕಣ್ಣು ಕೆಂಪಾಗಿ ನೀರು ಸುರಿಯುವುದು ಇದ್ದರೆ ಇನ್ನೂ ಬೇಗ.

ಬಯಾಪ್ಸಿಗೆ ಬರೋಣ. ಪ್ರತಿ ಚುಕ್ಕೆಗೂ ಖಂಡಿತ ಬೇಡ. ಚರ್ಮದ ಡಾಕ್ಟರು ಮೊದಲು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಿಂದ ನೋಡುತ್ತಾರೆ. ಅದರಲ್ಲಿ ಮೇಲ್ಪದರದ ಕೆಳಗಿನ ಬಣ್ಣದ ಜಾಲ, ರಕ್ತನಾಳ ಕಾಣುತ್ತದೆ. ಬಹಳಷ್ಟು ಚುಕ್ಕೆಗಳು ಅಲ್ಲೇ ಪಾಸಾಗುತ್ತವೆ. ಅನುಮಾನ ಉಳಿದದ್ದಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು 3–4 ಮಿಲಿಮೀಟರಿನ ತುಂಡು ತೆಗೆಯುತ್ತಾರೆ. ಚಿಕ್ಕದಿದ್ದರೆ ಪೂರ್ತಿ ತೆಗೆದುಬಿಡುತ್ತಾರೆ. ಆಗ ಪರೀಕ್ಷೆಯೂ ಆಯಿತು, ಎಷ್ಟೋ ಸಲ ಚಿಕಿತ್ಸೆಯೂ ಆಯಿತು. ಇದರಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಈ ಭಯ ಎಲ್ಲಿಂದ ಹುಟ್ಟಿತೆಂದರೆ, ತಡವಾಗಿ ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಕಾಯಿಲೆ ಮೊದಲೇ ಹರಡಿರುತ್ತದೆ. ಜನರ ಕಣ್ಣಿಗೆ ಬಯಾಪ್ಸಿಯೇ ಅಪರಾಧಿಯಾಗಿ ಕಾಣುತ್ತದೆ.

ಬೇಗ ಹಿಡಿಯಬೇಕು ಎನ್ನುವುದಕ್ಕೆ ಈ ಮಕ್ಕಳಲ್ಲಿ ಇನ್ನೊಂದು ಕಾರಣ ಇದೆ. ಬೇರೆಯವರಿಗೆ ಜೀವನದಲ್ಲಿ ಒಂದೋ ಎರಡೋ ಸಲ ಚರ್ಮದ ಆಪರೇಷನ್ ಆಗಬಹುದು. ಇವರಿಗೆ ಹತ್ತಾರು ಸಲ ಆಗಬಹುದು. ಮುಖದ ಚರ್ಮ ಇರುವುದೇ ಇಷ್ಟು. ಪ್ರತಿ ಸಲ ದೊಡ್ಡ ತುಂಡು ಹೋದರೆ ಮೂಗು, ರೆಪ್ಪೆ, ತುಟಿಗಳ ಆಕಾರವೇ ಕೆಡುತ್ತದೆ. ಮುಂಚಿನ ಹಂತದ ಕಲೆಗಳನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ, ಅಥವಾ ಫ್ಲೋರೋಯುರಾಸಿಲ್, ಇಮಿಕ್ವಿಮಾಡ್ ತರದ ಕ್ರೀಮಿನಿಂದ ತೆಗೆಯಬಹುದು. ಕ್ಯಾನ್ಸರ್ ಆದದ್ದನ್ನು ಪದರಪದರವಾಗಿ ತೆಗೆದು ಆಗಿಂದಾಗ ಸೂಕ್ಷ್ಮದರ್ಶಕದಲ್ಲಿ ನೋಡುವ ಮೋಸ್ ಶಸ್ತ್ರಚಿಕಿತ್ಸೆ ಇದೆ. ಒಳ್ಳೆಯ ಚರ್ಮ ಉಳಿಸಲು ಅದು ಅನುಕೂಲ. ಹೊಸ ಕ್ಯಾನ್ಸರ್ ಬರುವುದನ್ನು ತಡೆಯಲು ಐಸೊಟ್ರೆಟಿನಾಯಿನ್ ಮಾತ್ರೆಯ ಪ್ರಯೋಗ 1988ರಲ್ಲೇ ಆಯಿತು. ಹೊಸ ಗಡ್ಡೆಗಳು ಗಣನೀಯವಾಗಿ ಇಳಿದವು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಏರಿದವು. ಅಡ್ಡಪರಿಣಾಮವೂ ಜಾಸ್ತಿ. ಹಾಗಾಗಿ ತುಂಬ ಗಡ್ಡೆಗಳು ಬರುತ್ತಿರುವವರಿಗೆ ಮಾತ್ರ, ಅದೂ ಯೋಚಿಸಿ ಕೊಡುತ್ತಾರೆ. ನಿಮ್ಮ ಮಗಳಿಗೆ ಈಗ ಆ ಚರ್ಚೆ ಬೇಡ.

ಆ್ಯಪ್? ನನ್ನ ಉತ್ತರ ಚಿಕ್ಕದು. ಫೋಟೊಗಳನ್ನು ಸಾಲಾಗಿ ಇಟ್ಟುಕೊಳ್ಳಲು ಬಳಸಿ, ತೀರ್ಪು ಕೇಳಲು ಬೇಡ. ಇವುಗಳನ್ನು ಕಲಿಸಿರುವುದು ಬಹುಪಾಲು ಬಿಳಿ ಚರ್ಮದವರ ಬಿಡಿಬಿಡಿ ಮಚ್ಚೆಗಳ ಫೋಟೊಗಳಿಂದ. ಎಕ್ಸ್‌ಪಿ ಚರ್ಮ ಅದಕ್ಕೆ ಗೊತ್ತೇ ಇಲ್ಲ. ಒಂದೋ ಎಲ್ಲ ಚುಕ್ಕೆಗೂ ಗಂಟೆ ಬಾರಿಸುತ್ತದೆ, ಇಲ್ಲವೇ 'ಚಿಂತೆಯಿಲ್ಲ' ಎಂದುಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಚರ್ಮದ ಡಾಕ್ಟರ ಬಳಿ ಮೂರು ತಿಂಗಳಿಗೊಮ್ಮೆ ಪೂರ್ತಿ ಮೈ ತಪಾಸಣೆ ಇಟ್ಟುಕೊಳ್ಳಿ. ಒಂದೆರಡು ವರ್ಷ ಏನೂ ಬರದಿದ್ದರೆ ಅವರೇ ಆರು ತಿಂಗಳಿಗೆ ಏರಿಸಬಹುದು. ಮನೆಯಲ್ಲಿ ವಾರಕ್ಕೊಮ್ಮೆ ಮುಖ, ತಿಂಗಳಿಗೊಮ್ಮೆ ಫೋಟೊ ಸಮೇತ ಪೂರ್ತಿ ಮೈ. ಇದರ ಜೊತೆ ಬಿಸಿಲಿನಿಂದ ರಕ್ಷಣೆ ಇಲ್ಲದಿದ್ದರೆ, ತೂತು ಮುಚ್ಚದೆ ನೀರು ಎತ್ತಿಹಾಕಿದ ಹಾಗೆ. ಅತಿನೇರಳೆ ಕಿರಣ ತಡೆಯುವ ಮುಖಪರದೆ, ಪೂರ್ತಿ ತೋಳಿನ ಬಟ್ಟೆ, ಕನ್ನಡಕ, ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಮನೆ ಮತ್ತು ಕಾರಿನ ಕಿಟಕಿಗೆ ಫಿಲ್ಮ್. ಸಾಧ್ಯವಾದರೆ ಅತಿನೇರಳೆ ಕಿರಣ ಅಳೆಯುವ ಒಂದು ಯುವಿ ಮೀಟರ್ ಇಟ್ಟುಕೊಳ್ಳಿ. ಯಾವ ಕೋಣೆಯ ಯಾವ ಮೂಲೆ ಸುರಕ್ಷಿತ ಎಂದು ಅದು ತೋರಿಸುತ್ತದೆ, ಮನೆಯವರ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬಿಸಿಲೇ ಬೀಳದ ಮಗುವಿಗೆ ವಿಟಮಿನ್ ಡಿ ಕಡಿಮೆಯಾಗುತ್ತದೆ. ರಕ್ತಪರೀಕ್ಷೆ ಮಾಡಿಸಿ, ಬೇಕಾದಷ್ಟು ಕೊಡಿ. ಸುಮಾರು ಕಾಲು ಭಾಗ ಎಕ್ಸ್‌ಪಿ ರೋಗಿಗಳಿಗೆ ನರಗಳೂ ಸವೆಯುತ್ತವೆ, ಕಿವಿ ಮಂದವಾಗುತ್ತದೆ. ಸಿ ಗುಂಪಿನಲ್ಲಿ ಅದು ಸಾಮಾನ್ಯವಲ್ಲ. ಆದರೂ ಒಂದು ಸಲ ಕಿವಿ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ.

ಬೇರೆ ಅಪರೂಪದ ಜೀನ್ ಕಾಯಿಲೆಯವರೂ ನನಗೆ ಇದೇ ಪ್ರಶ್ನೆ ಕೇಳುತ್ತಾರೆ. ಮೇಲೆ ಹೇಳಿದ್ದೆಲ್ಲ ಅವರಿಗೆ ಹಾಗೇ ಹೊಂದುವುದಿಲ್ಲ. ಮುಟ್ಟಿದರೆ ಗುಳ್ಳೆ ಏಳುವ, ಗಾಯಗಳು ವರ್ಷಗಟ್ಟಲೆ ಉಳಿಯುವ ರಿಸೆಸಿವ್ ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸಾದಲ್ಲಿ ಕ್ಯಾನ್ಸರಿಗೆ ಬಿಸಿಲು ಮುಖ್ಯ ಕಾರಣವಲ್ಲ, ವಾಸಿಯಾಗದ ಗಾಯ ಕಾರಣ. ತೀವ್ರ ಬಗೆಯಲ್ಲಿ 35 ವರ್ಷದೊಳಗೆ ಮೂರರಲ್ಲಿ ಇಬ್ಬರಿಗೆ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಬರುತ್ತದೆ. ಅದು ಹರಡುವುದೂ ಬೇಗ. ಹತ್ತನೇ ವರ್ಷದಿಂದಲೇ ಮೂರರಿಂದ ಆರು ತಿಂಗಳಿಗೊಮ್ಮೆ ಬ್ಯಾಂಡೇಜ್ ಪೂರ್ತಿ ಬಿಚ್ಚಿ ನೋಡಬೇಕು. ಮೈತುಂಬ ಗಾಯ ಇರುವಾಗ ಯಾವುದು ಎಂದು ಹೇಗೆ ಹೇಳುವುದು? ರೋಗಿಯನ್ನೇ ಕೇಳಿ. 'ಈ ಗಾಯ ಬೇರೆ ತರ ನೋಯುತ್ತೆ' ಎಂದು ಅವರು ಹೇಳಿದರೆ ಅದನ್ನು ಬಯಾಪ್ಸಿ ಮಾಡಲು ಸಾಕಷ್ಟು ಕಾರಣ ಎಂದುಕೊಳ್ಳುವವನು ನಾನು. ಆಲ್ಬಿನಿಸಂ ಇರುವವರಲ್ಲಿ ಬಣ್ಣವೇ ಇಲ್ಲದ್ದರಿಂದ ಕಪ್ಪು ಚುಕ್ಕೆಗೆ ಕಾಯಬಾರದು, ಒರಟು ಮತ್ತು ಕೆಂಪನ್ನು ಹುಡುಕಬೇಕು. ಬೇಸಲ್ ಸೆಲ್ ಕ್ಯಾನ್ಸರ್ ಮೇಲಿಂದ ಮೇಲೆ ಬರುವ ಗಾರ್ಲಿನ್ ಸಿಂಡ್ರೋಮಿನವರು ಒಂದು ಮಾತು ನೆನಪಿಡಲಿ. ರೇಡಿಯೇಷನ್ ಚಿಕಿತ್ಸೆ ಕೊಟ್ಟ ಜಾಗದಲ್ಲೇ ಅವರಿಗೆ ಹೊಸ ಬೇಸಲ್ ಸೆಲ್ ಕ್ಯಾನ್ಸರುಗಳು ಹಿಂಡಾಗಿ ಏಳಬಹುದು. ಬೇರೆ ದಾರಿ ಇದ್ದರೆ ಅದನ್ನೇ ಕೇಳಿ.

ಕೊನೆಗೆ ನಿಮ್ಮ ಮಗ. ಎಕ್ಸ್‌ಪಿಯಲ್ಲಿ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಕಾಯಿಲೆ. ಒಂದೊಂದೇ ಹೊತ್ತಿರುವ ನೀವಿಬ್ಬರೂ ಆರೋಗ್ಯವಾಗಿಯೇ ಇರುತ್ತೀರಿ. ಪ್ರತಿ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನಿಗೆ ಬಂದಿರುವುದರಿಂದ ತಮ್ಮನ ಪಾಲು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅವಳ ಜೀನಿನಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ವರದಿಯಲ್ಲಿ ಇರುತ್ತದೆ. ಅದೇ ಜಾಗವನ್ನು ಮಾತ್ರ ಅವನಲ್ಲಿ ನೋಡಿದರೆ ಸಾಕು, ಸ್ವಲ್ಪ ರಕ್ತ ಸಾಕು. ಮಗಳ ವರದಿಯ ಪ್ರತಿಯನ್ನು ಜೊತೆಗೆ ಒಯ್ಯಿರಿ. ಅವನ ಮುಖದಲ್ಲಿ ಈಗ ಒಂದೂ ಚುಕ್ಕೆ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಅಕ್ಕನಿಗೂ ಒಂದು ವರ್ಷದಲ್ಲಿ ಇರಲಿಲ್ಲ ಅಲ್ವಾ? ಫಲಿತಾಂಶ ಬರುವ ತನಕ ಅಕ್ಕನಿಗೆ ಹೊದಿಸುವ ಪರದೆಯನ್ನೇ ಅವನಿಗೂ ಹೊದಿಸಿ.